ಫೋರ್ಕಿಗೆ ಬಳಿದ ವಿಭೂತಿ

ಹೋದ ಆಯುಧಪೂಜೆಯ ದಿನ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿರುವ ನನ್ನ ತಂಗಿಯ ಮಗಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅವಳ ಗಂಡ ಹೊಸ ಬೈಕನ್ನು ತೊಳೆದು ಒರೆಸಿ ನಿಲ್ಲಿಸಿದ್ದರು. ಚೆಂಡು ಹೂವಿನ ಹಾರ ಹಾಕಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಅಲ್ಲಿಯವರೆಗೆ ಸುಮ್ಮನಿದ್ದೆ. ಆಮೇಲೆ ವಿಭೂತಿಯನ್ನು ನೀರಿನಲ್ಲಿ ಕಲಸಿಕೊಂಡು, ಮುಂದಿನ ಗಾಲಿಯ ಎರಡೂ ಕಡೆ ಫಳಫಳ ಹೊಳೆಯುತ್ತಿದ್ದ ಫೋರ್ಕಿನ ಕೊಳವೆಗೆ ಮೂರು ಬೆರಳು ಎಳೆಯಲು ಹೋದರು.

"ಅಳಿಯಂದ್ರೆ, ಅಲ್ಲಿ ಹಚ್ಚಬ್ಯಾಡ್ರಿ," ಎಂದೆ. "ಟ್ಯಾಂಕಿಗೆ ಹಚ್ರಿ, ಸೀಟಿಗೆ ಹಚ್ರಿ, ಬೇಕಾದ್ರೆ ನನ್ನ ಹಣೆಗೆ ಹಚ್ರಿ. ಅಲ್ಲಿ ಮಾತ್ರ ಬ್ಯಾಡ."

ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ದೊಡ್ಡಮ್ಮನಿಗೆ ವಯಸ್ಸಾಯಿತು, ಈಗ ಬೈಕಿನ ಮೇಲೂ ಸಿಟ್ಟು ಎಂದು ಮನೆಯವರೆಲ್ಲ ನಕ್ಕರು. ನಗಲಿ. ಚಿಟಿಕೆ ವಿಭೂತಿಗೆ ಹೀಗೆ ಮೈ ಪರಚಿಕೊಳ್ಳುವವರನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ನಾನೂ ದಿನಾ ಹಣೆಗೆ ವಿಭೂತಿ ಹಚ್ಚಿಕೊಳ್ಳುವವಳೇ. ಆದರೆ ಆ ಜಾಗದಲ್ಲಿ ಅದನ್ನು ಕಂಡರೆ ನನಗೆ ನಮ್ಮ ಮನೆಯ ಒಂದು ವರ್ಷ ನೆನಪಾಗುತ್ತದೆ, ಕೆಲಸ ಬಲ್ಲ ಒಬ್ಬ ಮನುಷ್ಯನ ಹೆಸರನ್ನು ನಾವು ಹೇಗೆ ಕೆಡಿಸಿದೆವು ಎಂಬುದು ನೆನಪಾಗುತ್ತದೆ, ಮೈಯೆಲ್ಲ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಾನು ಮದುವೆಯಾಗಿ ಬಂದು ಎರಡು ವರ್ಷ. ಮಾವನವರದು ಹತ್ತಿಯ ಮಂಡಿ. ಹಳ್ಳಿಹಳ್ಳಿಗೆ ಹೋಗಿ ಬೆಳೆ ನೋಡಿ ಮಾತಾಡಿ ಬರುವುದು ನಮ್ಮ ಯಜಮಾನರ ಕೆಲಸ. ಅದಕ್ಕೆ ಒಂದು ಹಳೆಯ ಮಿಲಿಟರಿ ಫಟ್‌ಫಟಿ ಇತ್ತು. ಯುದ್ಧ ಮುಗಿದ ಮೇಲೆ ಹರಾಜಾಗಿ, ಮೂರು ಜನರ ಕೈ ದಾಟಿ ನಮ್ಮ ಮನೆಗೆ ಬಂದದ್ದು. ಎಂಜಿನ್ನು ಗಟ್ಟಿ, ಆದರೆ ಮುಂಭಾಗ ರಾಕ್ಷಸ. ಗಾಲಿಯನ್ನು ಹಿಡಿದುಕೊಂಡಿದ್ದ ನಾಲ್ಕು ಕಬ್ಬಿಣದ ತೋಳು, ನಡುವೆ ಒಂದೇ ಒಂದು ಸ್ಪ್ರಿಂಗು. ಹೊಂಡಕ್ಕೆ ಬಿದ್ದರೆ ಹೊಂಡದಷ್ಟೂ ಏಟು ನೇರವಾಗಿ ಅಂಗೈಗೆ. ಮಳೆಗಾಲದಲ್ಲಿ ಲೋಕಿಕೆರೆ ಕಡೆಯ ಎರೆಮಣ್ಣಿನ ದಾರಿಯಲ್ಲಿ ಹೋಗಿ ಬಂದ ದಿನ ಯಜಮಾನರ ಬೆರಳುಗಳು ಮರಗಟ್ಟಿಹೋಗಿರುತ್ತಿದ್ದವು. ಅಂಗಿಯ ಗುಂಡಿ ಬಿಚ್ಚಲು ಆಗುತ್ತಿರಲಿಲ್ಲ. ನಾನು ಬಿಚ್ಚುತ್ತಿದ್ದೆ, ಅವರು ಗೋಡೆ ನೋಡುತ್ತ ನಿಂತಿರುತ್ತಿದ್ದರು. ಮೂವತ್ತು ತುಂಬದ ಗಂಡಸಿಗೆ ಅದು ಎಂಥ ಅವಮಾನ ಎಂದು ನನಗೆ ಗೊತ್ತಾಗುತ್ತಿತ್ತು.

ಆ ಶ್ರಾವಣದಲ್ಲಿ ಗುಜರಿಯಲ್ಲಿ ಅವರಿಗೆ ಹೊಸ ನಮೂನೆಯ ಒಂದು ಜೊತೆ ಫೋರ್ಕು ಸಿಕ್ಕಿತು. ಎಲ್ಲೋ ಬಿದ್ದು ಜಜ್ಜಿಹೋದ ಬೈಕಿನದು. ಕೊಳವೆಯೊಳಗೆ ಕೊಳವೆ ಜಾರುವಂಥದು, ಒಳಗೆ ಉದ್ದ ಸ್ಪ್ರಿಂಗು ಮತ್ತು ಎಣ್ಣೆ. ಏಟು ಬಿದ್ದರೆ ಎಣ್ಣೆ ಅದನ್ನು ನುಂಗಿಕೊಳ್ಳುತ್ತದೆ. ಜೊತೆಗೆ ಮೈಗೆಲ್ಲ ಜಿಡ್ಡು ಹತ್ತಿದ ಒಂದು ಇಂಗ್ಲಿಷ್ ಪುಸ್ತಕವನ್ನೂ ಗುಜರಿಯವರು ಕೊಟ್ಟಿದ್ದರು. ಎರಡು ಕೊಳವೆಗಳ ನಡುವೆ ಕೂರುವ ಬಳೆಯಂಥ ಬುಷ್ಷುಗಳು ಸವೆದುಹೋಗಿದ್ದವು, ಫೋರ್ಕಿನ ಕಂಬ ನಮ್ಮ ಗಾಡಿಯ ಕುತ್ತಿಗೆಗೆ ಸಡಿಲವಾಗಿತ್ತು. ಅವನ್ನೆಲ್ಲ ಹೊಸದಾಗಿ ಮಾಡಲು ಬಂದವರು ಹಾಲಪ್ಪ.

ಹಾಲಪ್ಪ ಭಾನುವಳ್ಳಿಯ ಒಕ್ಕಲು ಮನೆಯವರು. ಹರಿಹರದಲ್ಲಿ ನಮ್ಮ ಮಾವನವರ ಬೀಗರೊಬ್ಬರು ಒಂದು ಸಣ್ಣ ಲೇತ್ ಶಾಪು ಇಟ್ಟಿದ್ದರು, ಅಲ್ಲಿ ಲೇತಿನ ಮೇಲೆ ಲೋಹ ಕಡೆಯುವ ಟರ್ನರ್. ಮೂವತ್ತೈದರ ಆಸುಪಾಸು, ಮಾತು ಕಮ್ಮಿ. ವಾರದ ರಜೆಯ ದಿನ ಬಸ್ಸಿಗೆ ಬಂದು ನಮ್ಮ ಹಿತ್ತಲಲ್ಲಿ ಕೂತು ಅಳತೆ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾರ ತುಂಡು ಮಾಡಿಕೊಂಡು ಬರುತ್ತಿದ್ದರು. ಶಾಪಿನ ಸಾಹುಕಾರರೇ ಒಪ್ಪಿ ಕಳಿಸಿದ ಕೆಲಸ, ಕದ್ದು ಮಾಡಿದ್ದಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಆಮೇಲೆ ಅದನ್ನೂ ತಿರುಚಿ ಮಾತಾಡಿದವರಿದ್ದಾರೆ.

ಪುಸ್ತಕ ಓದುವವರು ಯಾರು? ಯಜಮಾನರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ಇಂಟರ್‌ಮೀಡಿಯೆಟ್ ಪಾಸು ಮಾಡಿದ್ದೆ. ಆದರೆ ಪರಗಂಡಸರ ಮುಂದೆ ಸೊಸೆ ಕೂತು ಇಂಗ್ಲಿಷ್ ಓದುವುದು ಮಾವನವರಿಗೆ ಸರಿ ಕಾಣಲಿಲ್ಲ. ಕೊನೆಗೆ ಒಂದು ದಾರಿ ಹುಡುಕಿದರು. ನಾನು ಅಡಿಗೆಮನೆಯ ಹಿತ್ತಲ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿಕೊಂಡು ಒಳಗೆ ಕೂರಬೇಕು, ಓದಿ ಕನ್ನಡದಲ್ಲಿ ಹೇಳಬೇಕು. ಗಂಡಸರು ಹೊರಗೆ ಕೇಳಿಸಿಕೊಂಡು ಮಾಡಬೇಕು. ಹಾಗೆ ಇಡೀ ಫೋರ್ಕು ಬಾಗಿಲ ಸಂದಿಯಿಂದ ತಯಾರಾಯಿತು. ಹೊರಗೆ ಜಿಟಿಜಿಟಿ ಮಳೆ, ತಗಡಿನ ಮಾಡಿನ ಕೆಳಗೆ ಅವರಿಬ್ಬರು, ಒಳಗೆ ಒಲೆಯ ಪಕ್ಕ ಪುಸ್ತಕ ಹಿಡಿದ ನಾನು.

"ಅಕ್ಕಾರೆ, ಆ ಬುಷ್‌ದು ಇನ್ನೊಂದ್ಸಲ ಹೇಳ್ರಿ," ಎಂದು ಹಾಲಪ್ಪ ಬಾಗಿಲಿಗೆ ಹೇಳುತ್ತಿದ್ದರು.

"ಬಿಗಿಯಾಗೂ ಇರಬಾರದು, ಸಡಿಲಾಗೂ ಇರಬಾರದು ಅಂತೈತ್ರಿ. ಕೊಳವೆ ತನ್ನ ಭಾರಕ್ಕೆ ತಾನೇ ನಿಧಾನ ಇಳೀಬೇಕಂತೆ."

ಹಾಲಪ್ಪ ಕಂಚಿನ ನಾಲ್ಕು ಬುಷ್ಷು ಮಾಡಿಕೊಂಡು ಬಂದ ದಿನ ಕೊಳವೆಯನ್ನು ಮೇಲಿಂದ ಬಿಟ್ಟರು. ಅದು ತುಪ್ಪದೊಳಗೆ ಚಮಚ ಇಳಿದಂತೆ ಇಳಿಯಿತು. ನಾನು ಸಂದಿಯಿಂದ ನೋಡಿದೆ. ಹಾಲಪ್ಪ ಇನ್ನೂ ಮೂರು ಸಲ ಎತ್ತಿ ಬಿಟ್ಟು ನೋಡಿದರು. ಆ ಮುಖವನ್ನು ನಾನು ಮರೆತಿಲ್ಲ.

ಎಣ್ಣೆ ಹೊರಗೆ ಸೋರದಂತೆ ಕೆಳಗಿನ ಕೊಳವೆಯ ಬಾಯಿಗೆ ಒಂದು ಉಂಗುರ ಬೇಕು. ರಬ್ಬರಿನದು ದಾವಣಗೆರೆಯಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಚರ್ಮದಲ್ಲಿ ಕತ್ತರಿಸಿ, ಬಿಸಿ ಹರಳೆಣ್ಣೆಯಲ್ಲಿ ನೆನೆಸಿ ಹಾಕೋಣ ಎಂದು ಹಾಲಪ್ಪ ಹೇಳಿದರು. ನಾನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಒಂದು ಒಡಕು ಕುಡಿಕೆಯಲ್ಲಿ ಎಣ್ಣೆ ಕಾಯಿಸಿ ಆ ಉಂಗುರಗಳನ್ನು ಹಾಕಿಟ್ಟೆ. ಮಾವನವರು ಮೂಗು ಮುಚ್ಚಿಕೊಂಡು ಬಂದು ಬಗ್ಗಿ ನೋಡಿದರು.

"ಏನವ್ವ ಇದು?"

"ಚರ್ಮ, ಮಾವಾರೆ. ಫೋರ್ಕಿಗೆ."

ಅವತ್ತು ಅವರು ಊಟಕ್ಕೆ ತಡವಾಗಿ ಬಂದರು, ಎರಡು ಸಲ ಸ್ನಾನ ಮಾಡಿದ್ದರು. ಕಾಲಿಗೆ ಹಾಕುವ ಮೆಟ್ಟು ಚರ್ಮದ್ದೇ, ಮಂಡಿಯಲ್ಲಿ ಕೂರುವ ಕುರ್ಚಿಯ ಮೆತ್ತೆ ಚರ್ಮದ್ದೇ. ಅಡಿಗೆಮನೆಯಿಂದ ಹತ್ತು ಮಾರು ದೂರ, ಒಡಕು ಕುಡಿಕೆಯಲ್ಲಿದ್ದದ್ದು ಮಾತ್ರ ಮೈಲಿಗೆ.

ಪುಸ್ತಕದಲ್ಲಿದ್ದ ಎಣ್ಣೆಯೂ ಸಿಗಲಿಲ್ಲ. ಹರಳೆಣ್ಣೆಗೆ ತೆಳು ಮಷಿನ್ ಎಣ್ಣೆ ಬೆರೆಸಿ, ಗೆರೆ ಹಾಕಿದ ಔಷಧದ ಬಾಟಲಿಯಲ್ಲಿ ಅಳೆದು ಎರಡೂ ಕಡೆ ಸಮ ಸುರಿದೆವು. ಗುಜರಿಯಲ್ಲಿ ಕೊಳವೆಯ ಮೇಲಿನ ತಗಡಿನ ಮುಸುಕು ಸಿಕ್ಕಿರಲಿಲ್ಲ. ಅದಕ್ಕೆ ಬದಲಾಗಿ ನಾನು ಕಪ್ಪು ಕ್ಯಾನ್ವಾಸಿನಲ್ಲಿ ಎರಡು ತೋಳು ಹೊಲಿದೆ, ಮೇಲೆ ಕೆಳಗೆ ದಾರ ಕಟ್ಟುವಂತೆ. ಕೊಳವೆಯ ಮೇಲೆ ಧೂಳು, ಮರಳಿನ ಒಂದು ಕಣವೂ ಇರಕೂಡದು ಎಂದು ಪುಸ್ತಕ ಮೂರು ಕಡೆ ಹೇಳಿತ್ತು.

ಮಹಾನವಮಿಗೆ ನಾಲ್ಕು ದಿನ ಇರುವಾಗ ಯಜಮಾನರು ಲೋಕಿಕೆರೆಗೆ ಹೋಗಿ ಬಂದರು. ಒಳಗೆ ಬಂದವರೇ ನನ್ನೆದುರು ನಿಂತು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ತಾವೇ ಬಿಚ್ಚಿದರು. ಇಬ್ಬರೂ ನಕ್ಕೆವು. ಆ ನಗುವಿನ ಅರ್ಧ ಪಾಲು ಹಾಲಪ್ಪನದು.

ಆಯುಧಪೂಜೆಯ ಬೆಳಿಗ್ಗೆ ಮಾವನವರು ತಕ್ಕಡಿಗೆ, ಬೀಗಕ್ಕೆ, ತಿಜೋರಿಗೆ ವಿಭೂತಿ ಹಚ್ಚಿಕೊಂಡು ಫಟ್‌ಫಟಿಯ ಹತ್ತಿರ ಬಂದರು. ನಾನು ಹೊಲಿದ ತೋಳನ್ನು ಬಿಚ್ಚಿ ಮೇಲಕ್ಕೆ ಸರಿಸಿ, ಚರ್ಮದ ಉಂಗುರ ಎಲ್ಲಿದೆ ಎಂದು ಮಗನನ್ನು ಕೇಳಿ ತಿಳಿದು, ಅದರ ನೆತ್ತಿಗೇ ಸರಿಯಾಗಿ ಮೂರು ಬೆರಳು ಎಳೆದರು. ಚರ್ಮ ಕೂತ ಜಾಗ ಶುದ್ಧಿಯಾಗಬೇಕಲ್ಲ.

ನನಗೆ ತಡೆಯಲಾಗಲಿಲ್ಲ. "ಮಾವಾರೆ, ಅಲ್ಲಿ ಪುಡಿ ಬೀಳಬಾರದು ಅಂತ ಪುಸ್ತಕದಾಗೆ ಐತ್ರಿ."

"ಪುಸ್ತಕ ಬರೆದೋರಿಗೆ ವಿಭೂತಿ ಗೊತ್ತೈತೇನವ್ವ?" ಎಂದರು. ಕೋಪದಿಂದಲ್ಲ, ಮಗುವಿಗೆ ಹೇಳುವಂತೆ ಹೇಳಿದರು. ತೋಳನ್ನು ಮತ್ತೆ ಇಳಿಸಿ ದಾರ ಕಟ್ಟಿದರು.

ಒಂದು ದಿನಕ್ಕೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಅವರು ಪ್ರತಿ ಸೋಮವಾರ ಶುರುಮಾಡಿದರು. ಕಾರ್ತಿಕ ಬಂದ ಮೇಲಂತೂ ಕೇಳುವ ಹಾಗೇ ಇಲ್ಲ. ಬೆಳಿಗ್ಗೆ ಚಳಿಯಲ್ಲಿ ಪೂಜೆ ಮುಗಿಸಿ, ಒದ್ದೆ ವಿಭೂತಿ ಹಿಡಿದು ನೇರ ಅಂಗಳಕ್ಕೆ. ನಾನು ಯಜಮಾನರಿಗೆ ಹೇಳಿದೆ, ಕೈ ಮುಗಿದು ಹೇಳಿದೆ. "ಹಚ್ಚಲಿ ಬಿಡು, ಗಲ್ಲಿ ದಾಟಿ ನಾನು ಒರೆಸ್ಕಂತೀನಿ," ಎಂದರು. ಒರೆಸಿದಿರಾ ಎಂದು ಕೇಳಿದರೆ ಹೂಂ ಎನ್ನುತ್ತಿದ್ದರು. ಒಂದು ಸಲವೂ ಒರೆಸಿರಲಿಲ್ಲ.

ಕಾರ್ತಿಕದ ಮೂರನೆಯ ಸೋಮವಾರ ಅಪ್ಪ ಮಗ ಇಬ್ಬರೂ ಹರಿಹರೇಶ್ವರನ ದರ್ಶನಕ್ಕೆ ಹೊರಟರು. ಹರಿಹರ ಇನ್ನೇನು ಬಂತು ಎನ್ನುವಾಗ ಮುಂದೆ ಶೇಂಗಾ ತುಂಬಿದ ಎತ್ತಿನ ಗಾಡಿಯೊಂದು ನಿಂತಿತು. ಯಜಮಾನರು ಬ್ರೇಕು ಹಿಡಿದರು. ಮುಂದಿನ ಬ್ರೇಕು ಹಿಡಿಯಲೇ ಇಲ್ಲ. ಗಾಡಿಯನ್ನು ತಪ್ಪಿಸಲು ಹೋಗಿ ರಸ್ತೆಯಂಚಿಗೆ ಬಿದ್ದರು. ಯಜಮಾನರಿಗೆ ಮೊಣಕಾಲು ತರಚಿತು, ಮಾವನವರ ಹೆಗಲಿನ ಮೂಳೆ ಮುರಿಯಿತು.

ಮನೆಗೆ ಜನ ಬರತೊಡಗಿದರು. ಮಾವನವರು ಮಂಚದ ಮೇಲೆ ಕೂತು, ಕೈ ಕೊರಳಿಗೆ ಕಟ್ಟಿಕೊಂಡು, ಬಂದವರಿಗೆಲ್ಲ ಒಂದೇ ಕಥೆ ಹೇಳಿದರು. "ಭಾನುವಳ್ಳಿಯೋನು ಮಾಡಿದ್ದು ನೋಡ್ರಿ. ನೇಗಿಲು ಹಿಡಿಯೋ ಕೈಗೆ ಮಷಿನ್ ಕೊಟ್ರೆ ಹೆಂಗೆ?" ಜನ ತಲೆಯಾಡಿಸಿದರು. ತಾವೇ ಉತ್ತು ಬಿತ್ತು ಬಂದ ರೈತರು, ನಮ್ಮ ಮಂಡಿಗೆ ಹತ್ತಿ ಹಾಕುವವರು, ಅವರೂ ತಲೆಯಾಡಿಸಿದರು. ಶಾಪಿನ ಸಾಹುಕಾರರು ನೋಡಲು ಬಂದಾಗ ಅದೇ ಮಾತು ಇನ್ನಷ್ಟು ಉದ್ದವಾಯಿತು. ರಜೆಯ ದಿನ ಮೈಗಳ್ಳತನದಿಂದ ಮಾಡಿದ ಕೆಲಸ, ಯಾವ ಹಾಳು ಕಂಚು ಹಾಕಿದ್ದನೋ ಎಂದೆಲ್ಲ ಸೇರಿಕೊಂಡಿತು. ಬೀಗರಾದ ಹಿರಿಯರ ಮಾತು. ಸಾಹುಕಾರರು ಮಾರನೆಯ ದಿನವೇ ಹಾಲಪ್ಪನನ್ನು ಲೇತಿನಿಂದ ಇಳಿಸಿದರು. ಎರಕದ ತುಂಡುಗಳ ಅಂಚನ್ನು ಅರ ಹಿಡಿದು ಉಜ್ಜುವ ಕೆಲಸಕ್ಕೆ ಕೂರಿಸಿದರು. ಹತ್ತು ವರ್ಷ ಲೇತ್ ನಡೆಸಿದ ಮನುಷ್ಯ, ತಾನು ಕಲಿಸಿದವರು ಲೇತ್ ಮುಂದೆ ನಿಂತಿರುವಾಗ, ನೆಲದ ಮೇಲೆ ಕೂತು ಅಂಚು ಉಜ್ಜಬೇಕು.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ, ಮಾವನವರು ಮಲಗಿದ್ದಾಗ, ಯಜಮಾನರು ಹಿತ್ತಲಲ್ಲಿ ಫೋರ್ಕು ಬಿಚ್ಚಿದರು. ಈ ಸಲ ನಾನು ಬಾಗಿಲ ಹಿಂದೆ ಕೂರಲಿಲ್ಲ, ಪಕ್ಕದಲ್ಲೇ ನಿಂತೆ. ಕ್ಯಾನ್ವಾಸ್ ತೋಳು ತೆಗೆದರೆ ಒಳಗೆ ಎಣ್ಣೆ ಕುಡಿದ ಬೂದು ಬಣ್ಣದ ಕೆಸರು. ಚರ್ಮದ ಉಂಗುರದ ತುಟಿ ತುಂಬ ಅದೇ. ಹೊಳೆಯುತ್ತಿದ್ದ ಕೊಳವೆಯ ಮೇಲೆ ಉಪ್ಪುಕಾಗದ ಉಜ್ಜಿದಂತೆ ಉದ್ದುದ್ದ ಗೀರು. ಆ ಗೀರಿನ ದಾರಿಯಲ್ಲೇ ಎಣ್ಣೆ ಸೋರಿ, ಕೆಳಗಿಳಿದು ಗಾಲಿಯ ನಡುವಿನ ಬ್ರೇಕಿನ ಡಬ್ಬಿ ಸೇರಿತ್ತು, ಅದಕ್ಕೇ ಬ್ರೇಕು ಜಾರಿತ್ತು. ಕಪ್ಪು ಕ್ಯಾನ್ವಾಸಿನಲ್ಲಿ ಎಣ್ಣೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಲಪ್ಪನ ನಾಲ್ಕೂ ಬುಷ್ಷು ಹೊಸದರಂತಿದ್ದವು.

ಯಜಮಾನರು ಕೆಸರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ನಾನು ಅವರ ಮುಖ ನೋಡಿದೆ.

"ಈಗ ಹೇಳಿದ್ರೆ ಅಪ್ಪಾಜಿ ನೊಂದ್ಕಂತಾರೆ," ಎಂದರು. "ಹೆಗಲು ಕೂಡ್ಲಿ. ಆಮೇಲೆ ನಿಧಾನಕ್ಕೆ ಹೇಳಾಣ."

"ಅಲ್ಲೀತನ ಹಾಲಪ್ಪ?"

"ಎಲ್ಲಿ ಹೋಗ್ತಾನೆ, ಇರ್ತಾನೆ."

ನಮ್ಮ ಯಜಮಾನರು ಕೆಟ್ಟವರಲ್ಲ. ಅವರು ತೀರಿಕೊಂಡು ಹದಿನೈದು ವರ್ಷವಾಯಿತು, ಸತ್ತವರ ಮೇಲೆ ದೂರು ಹೇಳುವ ಚಪಲ ನನಗಿಲ್ಲ. ಆದರೆ ಇರ್ತಾನೆ ಎಂಬ ಆ ಮಾತಿಗೆ ಇವತ್ತಿಗೂ ನನ್ನಲ್ಲಿ ಕ್ಷಮೆ ಇಲ್ಲ. ಅಪ್ಪನ ಮನಸ್ಸು ನೋಯಬಾರದು, ತಾನು ಒರೆಸಲಿಲ್ಲ ಎಂಬುದು ಹೊರಗೆ ಬರಬಾರದು, ಅದಕ್ಕೆ ಇನ್ನೊಬ್ಬನ ತಲೆಯ ಮೇಲೆ ಕೂರಿಸಿದ ಗೂಬೆ ಹಾಗೇ ಕೂತಿರಲಿ.

ಅದಾಗಿ ಸ್ವಲ್ಪ ದಿನಕ್ಕೆ ಹಾಲಪ್ಪನೇ ಬಂದರು. ಹಿತ್ತಲಿಗೆ ಬರಲಿಲ್ಲ, ಮುಂದಿನ ಅಂಗಳದಲ್ಲಿ ನಿಂತರು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ.

"ಅಣ್ಣಾರೆ, ಬುಷ್ ಒಂದ್ಸಲ ತೋರಿಸ್ರಿ," ಎಂದರು ಯಜಮಾನರಿಗೆ. "ತಪ್ಪು ನಂದಾಗಿದ್ರೆ ಹಿರೇರ ಕಾಲಿಗೆ ಬಿದ್ದು ಒಪ್ಕಂತೀನಿ. ನೋಡಿದ್ರೆ ನನಗೆ ಗೊತ್ತಾಗ್ತೈತೆ."

ಮಂಚದಿಂದ ಮಾವನವರು, "ನೋಡೋದೇನು ಐತೆ, ನನ್ನ ಹೆಗಲು ನೋಡು," ಎಂದರು.

ಯಜಮಾನರು ನೆಲ ನೋಡುತ್ತ, "ಇನ್ನೂ ಬಿಚ್ಚಿಲ್ಲ ಹಾಲಪ್ಪ," ಎಂದರು.

ನಾನು ಪಡಸಾಲೆಯ ಒಳಗಿದ್ದೆ. ಬಿಚ್ಚಿದ ತುಂಡುಗಳೆಲ್ಲ ಬಟ್ಟೆಯಲ್ಲಿ ಸುತ್ತಿ ಉಗ್ರಾಣದಲ್ಲಿದ್ದವು, ನನ್ನಿಂದ ಆರು ಹೆಜ್ಜೆ. ತಂದು ಅವರ ಮುಂದೆ ಇಟ್ಟಿದ್ದರೆ ಮುಗಿಯುತ್ತಿತ್ತು. ಗಂಡ ಸುಳ್ಳು ಹೇಳಿದ್ದಾನೆ ಎಂದು ಹೊರಗಿನವರ ಮುಂದೆ ಹೇಗೆ ತೋರಿಸಲಿ ಎಂದು ನಿಂತೆ. ನಿಂತೇ ಇದ್ದೆ. ಹಾಲಪ್ಪ ಸ್ವಲ್ಪ ಹೊತ್ತು ಕಾದು ಹೊರಟುಹೋದರು.

ಆ ಮೇಲೆ ನನಗೆ ಅನ್ನ ರುಚಿಸಲಿಲ್ಲ. ಮಾವನವರ ಹೆಗಲು ಕೂಡಿತು, ಯಜಮಾನರು ಹೇಳಲಿಲ್ಲ. ಸಂಕ್ರಾಂತಿಯಾಗಲಿ ಎಂದರು, ಸಂಕ್ರಾಂತಿ ಆಯಿತು. ಮರುವಾರ ಶಾಪಿನ ಸಾಹುಕಾರರು ಬಂದಾಗ ಅಪ್ಪ ಮಗ ಇಬ್ಬರೂ ಮನೆಯಲ್ಲಿದ್ದರು. ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಆ ಬಟ್ಟೆಯ ಗಂಟು ಹಿಡಿದು ನಾನು ಪಡಸಾಲೆಗೆ ಹೋದೆ. ತಟ್ಟೆ ಇಟ್ಟು, ಗಂಟನ್ನೂ ಅದರ ಪಕ್ಕ ಇಟ್ಟು ಬಿಚ್ಚಿದೆ. ಸೆರಗು ಹೊದ್ದುಕೊಂಡಿದ್ದೆ.

"ಸಾಹುಕಾರ್ರೆ, ನೀವು ಮಷಿನ್ ಬಲ್ಲೋರು, ನೋಡ್ರಿ. ಇದು ಹಾಲಪ್ಪ ಮಾಡಿದ ಬುಷ್, ಏನೂ ಆಗಿಲ್ಲ. ಇದು ಮಾವನೋರು ಪ್ರತಿ ಸೋಮವಾರ ಹಚ್ಚಿದ ವಿಭೂತಿ. ಇದು ಕೊಳವೆ ಕೊರೆದು, ಎಣ್ಣೆ ಸೋರಿ, ಬ್ರೇಕ್ ಹಿಡೀಲಿಲ್ಲ. ಇವರು ಒರೆಸ್ತೀನಿ ಅಂದು ಒರೆಸಲಿಲ್ಲ."

ಸಾಹುಕಾರರು ಕೆಸರನ್ನು ಬೆರಳ ನಡುವೆ ತಿಕ್ಕಿದರು, ಗೀರಿನ ಮೇಲೆ ಉಗುರು ಎಳೆದರು. ಅವರಿಗೆ ಅರೆಗಳಿಗೆಯಲ್ಲಿ ತಿಳಿಯಿತು, ಅವರ ಮುಖವೇ ಹೇಳಿತು. ಮಾವನವರು ನನ್ನನ್ನು ನೋಡಲಿಲ್ಲ. "ಶಿವನ ಬೂದಿ ಕಬ್ಬಿಣ ತಿಂತದಂತೆ, ಕೇಳ್ರಿ," ಎಂದು ನಗಲು ನೋಡಿದರು. ಆ ನಗುವಿಗೆ ಜೊತೆ ಸಿಗಲಿಲ್ಲ. ಸಾಹುಕಾರರು ಗಂಟನ್ನು ತಾವೇ ಮಡಿಸಿ, "ಆತು ಬಿಡ್ರಿ ಬೀಗರೆ, ಆಗಿದ್ದು ಆಗಿಹೋತು," ಎಂದರು. ಮಂಡಕ್ಕಿ ತಿಂದು ಹೋದರು.

ಯಜಮಾನರು ನನ್ನೊಡನೆ ಒಂದು ವಾರ ಮಾತಾಡಲಿಲ್ಲ. ಆಮೇಲೆ ತಾವೇ ಸುದ್ದಿ ತಂದರು. "ಹಾಲಪ್ಪಗೆ ಲೇತ್ ವಾಪಸ್ ಕೊಟ್ರಂತೆ. ನಿನಗೆ ಸಮಾಧಾನ ಆತಲ್ಲ?" ನಾನು ದೇವರಿಗೆ ಕೈ ಮುಗಿದೆ. ದಡ್ಡಿ ನಾನು.

ಶಿವರಾತ್ರಿಗೆ ಮುಂಚೆ ಹರಿಹರದಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ ನನ್ನನ್ನು ಕೂರಿಸಿ ಯಜಮಾನರು ಯಾರನ್ನೋ ಕಾಣಲು ಹೋದರು. ಭಾನುವಳ್ಳಿ ಬಸ್ಸು ನಿಲ್ಲುವ ಕಡೆ ಹಾಲಪ್ಪ ನಿಂತಿದ್ದರು. ಕಾಲ ಬಳಿ ಒಂದು ಮರದ ಪೆಟ್ಟಿಗೆ, ಉಪಕರಣಗಳದು. ನಾನು ಎದ್ದು ಹೋದೆ. ಬಾಗಿಲಿನ ಅಡ್ಡಿಯಿಲ್ಲದೆ ಅವರ ಎದುರು ನಿಂತದ್ದು ಅದೇ ಮೊದಲು.

"ಲೇತ್ ಕೊಟ್ರಂತಲ್ರಿ," ಎಂದೆ.

"ಕೊಟ್ರು ಅಕ್ಕಾರೆ. ಶಾಪಿನಾಗೆ ಎಲ್ಲಾರನ್ನೂ ಕರೆದು ಹೇಳಿದ್ರು, ದಾವಣಗೆರೆ ಹಿರೇರು ದೊಡ್ಡ ಮನಸ್ಸು ಮಾಡಿ ಕ್ಷಮಿಸ್ಯಾರೆ, ನಾಳಿಂದ ಲೇತಿಗೆ ಬಾ ಅಂತ. ಕ್ಷಮಿಸ್ಯಾರೆ ಅಂದ್ರೆ ತಪ್ಪು ನಂದೇ ಅಂತಾತಲ್ರಿ. ಅದನ್ನ ಹೊತ್ಕಂಡು ಲೇತ್ ಮುಂದೆ ಹೆಂಗೆ ನಿಂದ್ರಲಿ? ಬಿಟ್ಟೆ."

"ನಾನು ಸಾಹುಕಾರ್ರ ಮುಂದೆ ಎಲ್ಲ ಇಟ್ಟು ಹೇಳಿದ್ನಲ್ರಿ. ನಿಮ್ಮ ಬುಷ್‌ದು ಏನೂ ತಪ್ಪಿಲ್ಲ ಅಂತ."

ಹಾಲಪ್ಪ ನನ್ನನ್ನು ದಿಟ್ಟಿಸಿ ನೋಡಿದರು. ಆ ಮಾತು ಅವರಿಗೆ ಹೊಸದು ಎಂದು ಆಗ ತಿಳಿಯಿತು. ಸಾಹುಕಾರರು ಅದನ್ನು ನುಂಗಿಕೊಂಡಿದ್ದರು.

"ಬುಷ್ ಚೆನ್ನಾಗಿದ್ವಾ?"

"ಹೊಸದರಂಗೇ ಇದ್ವು. ಕಾರ್ತಿಕದಾಗೇ ನೋಡಿದ್ವಿ."

"ಕಾರ್ತಿಕದಾಗೆ," ಎಂದು ಅವರು ಮೆಲ್ಲಗೆ ಅಂದರು. ಅಂಗಳಕ್ಕೆ ತಾವು ಬಂದ ದಿನವನ್ನು ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. "ಲೇತ್ ಹೋಗಿದ್ದಕ್ಕೆ ಅಲ್ಲ ಅಕ್ಕಾರೆ. ಮೂರು ತಿಂಗಳಿಂದ ನನ್ನ ಕೈ ಮ್ಯಾಲೆ ನನಗೇ ಅನುಮಾನ. ಅಳತೆ ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

ಬಸ್ಸು ಬಂತು. ನಾನು, "ತಪ್ಪಾತ್ರಿ, ನಮ್ಮದು ತಪ್ಪಾತು," ಎಂದೆ. ತಪ್ಪಾಯಿತು ಎಂದವರಿಗೆ ಇರ್ಲಿ ಬಿಡ್ರಿ ಎನ್ನುವುದು ನಮ್ಮ ಕಡೆಯ ರೂಢಿ. ಎಂಥ ಸಿಟ್ಟಿದ್ದರೂ ಅಷ್ಟು ಅಂದೇ ಹೋಗುತ್ತಾರೆ. ಹಾಲಪ್ಪ ಅನ್ನಲಿಲ್ಲ. ಪೆಟ್ಟಿಗೆ ಹೆಗಲಿಗೇರಿಸಿ ಬಸ್ಸು ಹತ್ತಿದರು. ಅನ್ನದೇ ಹೋದದ್ದೇ ಸರಿ.